ವಿಶೇಷ ಪಶುವೈದ್ಯ ವೃತ್ತಿ ಮತ್ತು ಅದನ್ನು ರೈತರಿಗೆ ತಿಳಿಯಪಡಿಸುವ ಕ್ರಮ

(ಬರಡು ರಾಸುಗಳ ಚಿಕಿತ್ಸೆಯನ್ನು ಉದಾಹರಣೆಯಾಗಿಟ್ಟುಕೊಂಡು ಬರೆದುದು)

ಪೀಠಿಕೆ

ದನಕರುಗಳ ರೋಗಕ್ಕೆ ತಕ್ಕ ಚಿಕಿತ್ಸೆ ಇರುವುದು ಒಂದು ವಿಷಯ. ಆ ಚಿಕಿತ್ಸೆಯು ಇಂಥ ಸ್ಥಳದಲ್ಲಿ, ಇಂಥ ದಿನ, ಇಷ್ಟು ವೆಚ್ಚದಲ್ಲಿ ದೊರೆಯುವುದೆಂದು ರೈತನಿಗೆ ತಿಳಿದಿರುವುದು ಮತ್ತೊಂದು ವಿಷಯ. ಮೊದಲನೆಯದು ಎಷ್ಟೇ ಉತ್ತಮವಾಗಿದ್ದರೂ ಎರಡನೆಯದಿಲ್ಲದಿದ್ದರೆ ಅದರಿಂದ ಯಾರಿಗೂ ಪ್ರಯೋಜನವಾಗುವುದಿಲ್ಲ. ವಿಶೇಷ ವ್ಯಾಸಂಗ ಮಾಡಿದ ವೈದ್ಯನು ಪಟ್ಟಣದಲ್ಲಿ ಬಾಗಿಲು ತೆರೆದು ಕುಳಿತಿರುವಾಗಲೇ, ಹತ್ತು ಹನ್ನೆರಡು ಮೈಲಿ ದೂರದ ಹಳ್ಳಿಯಲ್ಲಿ, ವಾಸಿಮಾಡಬಹುದಾದ ಹಸುವೊಂದು ಗೊಡ್ಡೆಂದು ಅರ್ಧ ಬೆಲೆಗೆ ಮಾರಾಟವಾಗಿ ಹೋಗುವುದುಂಟು. ಇದರಿಂದ ರೈತನಿಗೂ ನಷ್ಟ, ವೈದ್ಯನಿಗೂ ನಷ್ಟ. ಈ ಎರಡು ನಷ್ಟಗಳನ್ನೂ ತಪ್ಪಿಸುವ ಬಗೆ ಯಾವುದೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲಾಗಿದೆ.

ಹಿಂದಿನ ಕಾಲದಲ್ಲಿ ಪಶುವೈದ್ಯನ ಮುಖ್ಯ ಕೆಲಸವು ಸಾಂಕ್ರಾಮಿಕ ರೋಗಗಳನ್ನು ತಡೆಯುವುದಾಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೨೫ರಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾದುದು ದೊಡ್ಡರೋಗವನ್ನು ಎದುರಿಸುವುದಕ್ಕಾಗಿಯೇ. ೧೯೫೪ರಿಂದ ದೇಶದಾದ್ಯಂತ ನಡೆದ ನಿರ್ಮೂಲನ ಕಾರ್ಯದ ಫಲವಾಗಿ ಆ ರೋಗವು ಭಾರತದಿಂದ ತೊಲಗಿತು; ೨೦೧೧ರಲ್ಲಿ ಅದು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಅಂಥ ರೋಗದಲ್ಲಿ ಊರಿನ ಎಲ್ಲ ದನಗಳಿಗೂ ಒಂದೇ ಬಗೆಯ ಚುಚ್ಚುಮದ್ದು ಸಾಕಾಗುತ್ತಿತ್ತು. ಈಗಿನ ಹೈನುಗಾರಿಕೆಯಲ್ಲಿ ರೈತನನ್ನು ಬಾಧಿಸುವ ತೊಂದರೆಗಳು ಬೇರೆ ಬಗೆಯವು. ಗಬ್ಬ ನಿಲ್ಲದಿರುವುದು, ಕೆಚ್ಚಲು ಬಾವು, ಮೊಲೆಯ ತೂತು ಮುಚ್ಚಿಹೋಗುವುದು, ಮೇವಿನೊಡನೆ ತಂತಿ ಮೊಳೆಗಳನ್ನು ನುಂಗುವುದು, ಎತ್ತಿನ ಕೊಂಬಿಗೆ ಹುಣ್ಣು ಹತ್ತುವುದು ಇವೆಲ್ಲವನ್ನೂ ಒಂದೊಂದು ರಾಸಿನಲ್ಲಿಯೂ ಬೇರೆ ಬೇರೆಯಾಗಿ ಪರೀಕ್ಷಿಸಿ ನೋಡಬೇಕು. ಹೆಬ್ಬಾಳದಲ್ಲಿ ೧೯೫೮ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನಲ್ಲಿಯೂ, ೨೦೦೪ರ ಅಧಿನಿಯಮದಂತೆ ಬೀದರಿನಲ್ಲಿ ನೆಲೆಗೊಂಡ ಪಶುವೈದ್ಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿಯೂ ಇಂಥ ವಿಷಯಗಳಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ಕೊಡಲಾಗುತ್ತಿದೆ. ಆ ಶಿಕ್ಷಣ ಪಡೆದವರಲ್ಲಿ ಕೆಲವರು ಸ್ವಂತವಾಗಿ ವೃತ್ತಿಯನ್ನು ನಡೆಸುತ್ತಾರೆ. ಇವರ ಪೈಕಿ ಗರ್ಭಕೋಶದ ರೋಗಗಳನ್ನು ನೋಡುವ ತಜ್ಞನ ವಿಷಯವನ್ನು ಇಲ್ಲಿ ಮುಖ್ಯವಾಗಿ ತೆಗೆದುಕೊಂಡಿದೆ. ಏಕೆಂದರೆ ಹಾಲಿನ ಹಸುವಿಟ್ಟವನಿಗೆ ಅದರ ಅಗತ್ಯ ಹೆಚ್ಚು, ಸುಳ್ಳು ಪ್ರಚಾರಕ್ಕೆ ಆಸ್ಪದವೂ ಅದರಲ್ಲಿಯೇ ಹೆಚ್ಚು.

೧. ಚಿಕಿತ್ಸೆಯ ಅಗತ್ಯವನ್ನು ಲೆಕ್ಕದಿಂದ ತೋರಿಸುವುದು

ರೈತನಿಗೆ ಮೊದಲು ತಿಳಿಸಬೇಕಾದುದು ವೈದ್ಯನ ಪಾಂಡಿತ್ಯವಲ್ಲ, ಹಸುವಿನ ಲೆಕ್ಕ. ಹಸುವಿನ ಗರ್ಭಾವಧಿಯು ಸುಮಾರು ೨೮೦ ದಿನಗಳು. ಹದಿಮೂರು ತಿಂಗಳಿಗೊಂದು ಕರುವಾಗಬೇಕಾದರೆ, ಅಂದರೆ ಸುಮಾರು ೩೯೫ ದಿನಗಳಿಗೊಮ್ಮೆ ಈಯಬೇಕಾದರೆ, ಈದ ೧೧೫ ದಿನಗಳೊಳಗೆ ಅದು ಮತ್ತೆ ಗಬ್ಬವಾಗಬೇಕು. ಈದಮೇಲೆ ಗರ್ಭಕೋಶವು ಮೊದಲಿನ ಸ್ಥಿತಿಗೆ ಬರುವುದಕ್ಕೆ ಬಿಡಬೇಕಾದ ೬೦ ದಿನಗಳನ್ನು ಇದರಲ್ಲಿ ಕಳೆದರೆ ಉಳಿಯುವುದು ೫೫ ದಿನಗಳು. ಬೆದೆಯು ಸಾಧಾರಣವಾಗಿ ೨೧ ದಿನಗಳಿಗೊಮ್ಮೆ ಬರುವುದರಿಂದ, ಈ ಅವಧಿಯಲ್ಲಿ ರೈತನಿಗೆ ಸಿಕ್ಕುವುದು ಎರಡು ಅಥವಾ ಮೂರು ಬೆದೆಗಳು ಮಾತ್ರ. ಅವು ತಪ್ಪಿದರೆ ಅನಂತರ ತಪ್ಪುವ ಒಂದೊಂದು ಬೆದೆಯೂ ೨೧ ದಿನಗಳ ಖರ್ಚು.

ಹಾಲು ಬತ್ತಿದಮೇಲೂ ಗಬ್ಬವಾಗದೆ ನಿಂತ ಹಸುವಿನ ಮೇವು, ಹಿಂಡಿ, ಆಳಿನ ವೆಚ್ಚ ಸೇರಿ ದಿನಕ್ಕೆ ೨೦೦ ರೂಪಾಯಿ ಬೀಳುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದು ಬೆದೆ ತಪ್ಪಿದರೆ ೪,೨೦೦ ರೂಪಾಯಿ, ನಾಲ್ಕು ತಪ್ಪಿದರೆ ೧೬,೮೦೦ ರೂಪಾಯಿ. ತಮ್ಮ ತಮ್ಮ ಊರಿನ ಮೇವಿನ ಬೆಲೆಯನ್ನು ಹಾಕಿ ರೈತರು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ಹೀಗೆ ಮಾಡಿಕೊಂಡವನಿಗೆ ವೈದ್ಯನ ಪರೀಕ್ಷಾಶುಲ್ಕವು ಹೆಚ್ಚೋ ಕಡಿಮೆಯೋ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಆದಕಾರಣ ವಿಶೇಷ ಚಿಕಿತ್ಸೆಯ ಪ್ರಚಾರದಲ್ಲಿ ಮೊದಲನೆಯ ಸಾಧನವು ಈ ಲೆಕ್ಕವೇ ಆಗಿರತಕ್ಕದ್ದು.

೨. ರೈತರು ತಜ್ಞನಲ್ಲಿಗೆ ಬಾರದಿರುವುದಕ್ಕೆ ಕಾರಣಗಳು

ರೈತರು ಅಜ್ಞಾನದಿಂದಲೇ ಬರುವುದಿಲ್ಲವೆಂದು ಹೇಳುವುದು ನ್ಯಾಯವಲ್ಲ. ವಿಚಾರಿಸಿ ನೋಡಿದರೆ ಸಕಾರಣವಾದ ಅಡ್ಡಿಗಳು ಹಲವು ಕಂಡುಬರುತ್ತವೆ.

ಮೊದಲನೆಯದು, ದನವನ್ನು ದೂರ ಸಾಗಿಸುವ ಕಷ್ಟ. ಮನುಷ್ಯರೋಗಿಯು ಬಸ್ಸು ಹತ್ತಿ ಪಟ್ಟಣಕ್ಕೆ ಬರಬಹುದು. ಹಸುವನ್ನು ತರುವುದಕ್ಕೆ ಗಾಡಿಯ ಬಾಡಿಗೆ, ಇಬ್ಬರು ಆಳುಗಳ ಒಂದು ದಿನದ ಕೂಲಿ ಬೇಕು. ಎರಡನೆಯದು, ಗಬ್ಬ ನಿಲ್ಲದಿರುವುದು ನೋವು ತೋರುವ ರೋಗವಲ್ಲ. ಹಸು ಮೇಯುತ್ತದೆ, ಮೆಲುಕುಹಾಕುತ್ತದೆ. ಆದುದರಿಂದ ‘ಮುಂದಿನ ಬೆದೆಗೆ ನೋಡೋಣ’ ಎಂದು ತಿಂಗಳುಗಳು ಕಳೆಯುತ್ತವೆ. ಮೂರನೆಯದು, ಹಿಂದೆ ಮೋಸಹೋದ ಅನುಭವ. ಒಂದೇ ಚುಚ್ಚುಮದ್ದಿನಲ್ಲಿ ಗಬ್ಬ ನಿಲ್ಲಿಸುವೆವೆಂದು ಹೇಳಿ ಹಣ ಪಡೆದು ಮತ್ತೆ ಮುಖ ತೋರಿಸದವರನ್ನು ಕಂಡ ಊರಿನಲ್ಲಿ, ಯೋಗ್ಯನಾದ ವೈದ್ಯನನ್ನೂ ಜನರು ಸಂದೇಹದಿಂದಲೇ ನೋಡುತ್ತಾರೆ. ನಾಲ್ಕನೆಯದು, ಒಟ್ಟು ವೆಚ್ಚ ಎಷ್ಟಾಗುವುದೋ ಎಂಬ ಭಯ.

ಈ ನಾಲ್ಕು ಅಡ್ಡಿಗಳಲ್ಲಿ ಒಂದನ್ನಾದರೂ ದೊಡ್ಡ ಅಕ್ಷರದ ಜಾಹೀರಾತಿನಿಂದ ನಿವಾರಿಸುವುದಕ್ಕಾಗುವುದಿಲ್ಲ. ಪ್ರಚಾರವೆಂಬುದು ಈ ಅಡ್ಡಿಗಳನ್ನು ಒಂದೊಂದಾಗಿ ತೆಗೆಯುವ ಕೆಲಸವೆಂದು ತಿಳಿಯತಕ್ಕದ್ದು.

೩. ಕಾನೂನಿನ ಮತ್ತು ವೃತ್ತಿಧರ್ಮದ ಮೇರೆ

೧೯೮೪ರ ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮದ ಪ್ರಕಾರ ನೋಂದಣಿಯಾದ ಪಶುವೈದ್ಯರೇ ಪಶುವೈದ್ಯ ವೃತ್ತಿಯನ್ನು ನಡೆಸಬೇಕು. ಕೃತಕ ಗರ್ಭಧಾರಣೆ, ಚುಚ್ಚುಮದ್ದು ಹಾಕುವುದು, ಗಾಯ ಕಟ್ಟುವುದು ಮುಂತಾದ ಸಣ್ಣ ಸೇವೆಗಳನ್ನು ಮಾತ್ರ ಸರ್ಕಾರದ ಅನುಮತಿಯಂತೆ, ವೈದ್ಯರ ಮೇಲ್ವಿಚಾರಣೆಯಲ್ಲಿ ತರಬೇತಿ ಹೊಂದಿದ ಇತರರು ಮಾಡಬಹುದು. ಆ ಅಧಿನಿಯಮಕ್ಕನುಸಾರವಾಗಿ ೧೯೯೨ರಲ್ಲಿ ವೈದ್ಯರ ನಡತೆಯ ವಿಷಯದಲ್ಲಿ ನಿಬಂಧನೆಗಳು ಏರ್ಪಟ್ಟವು. ಗಿರಾಕಿಗಳನ್ನು ತನ್ನ ಕಡೆಗೆ ಸೆಳೆಯುವುದಕ್ಕಾಗಿ ಜಾಹೀರಾತು ಹಾಕಿ ಯಾಚಿಸುವುದು ವೃತ್ತಿಧರ್ಮಕ್ಕೆ ಸಲ್ಲದು. ಆದುದರಿಂದ ಸಾಬೂನು, ಬೀಜ, ಗೊಬ್ಬರಗಳನ್ನು ಮಾರುವ ರೀತಿಯಲ್ಲಿ ಪಶುವೈದ್ಯ ವೃತ್ತಿಯನ್ನು ಸಾರುವಂತಿಲ್ಲ. ಫಲಕ, ಕರಪತ್ರ, ಪತ್ರಿಕಾ ಪ್ರಕಟಣೆ ಇವುಗಳನ್ನು ಹೊರಡಿಸುವ ಮೊದಲು ನಿಬಂಧನೆಗಳನ್ನು ಓದಿಕೊಂಡು, ಸಂದೇಹವಿದ್ದಲ್ಲಿ ರಾಜ್ಯದ ಪಶುವೈದ್ಯ ಪರಿಷತ್ತನ್ನು ಕೇಳಿ ನಡೆಯುವುದು ಉತ್ತಮ.

ಈ ಮೇರೆಯು ಹೊಸದಾಗಿ ವೃತ್ತಿಗಿಳಿದವರಿಗೆ ಕಠಿಣವಾಗಿ ಕಾಣಬಹುದು. ಆದರೆ ಅದು ಅವರ ರಕ್ಷಣೆಗಾಗಿಯೇ ಇದೆ. ಕೂಗಿ ಹೇಳುವುದರಲ್ಲಿ ಕಲಿತವನು ಕಲಿಯದವನನ್ನು ಎಂದಿಗೂ ಮೀರಿಸಲಾರನು. ಮಾಡಿ ತೋರಿಸುವುದರಲ್ಲಿ ಮಾತ್ರ ಮೀರಿಸಬಲ್ಲನು. ತನ್ನ ಹೆಸರು, ಪದವಿ, ನೋಂದಣಿ ಸಂಖ್ಯೆ, ನೋಡುವ ರೋಗಗಳು, ಸ್ಥಳ, ವೇಳೆ ಇವುಗಳನ್ನು ಉಳ್ಳ ಸಾದಾ ಫಲಕವೊಂದು ಸಾಕು. ಪಡೆಯದ ಪದವಿಯನ್ನು ಸೂಚಿಸುವ ಶಬ್ದಗಳನ್ನಾಗಲಿ, ವಾಸಿಯಾದ ರಾಸುಗಳ ಚಿತ್ರಗಳನ್ನಾಗಲಿ ಅದರ ಮೇಲೆ ಬರೆಯಿಸಕೂಡದು.

೪. ಊರಿನ ವೈದ್ಯರೊಡನೆ ಸಂಬಂಧ

ವಿಶೇಷ ವೈದ್ಯನಲ್ಲಿಗೆ ರಾಸುಗಳು ಬರಬೇಕಾದ ರಾಜಮಾರ್ಗವು ಊರಿನ ಪಶು ಆಸ್ಪತ್ರೆಯೇ ಆಗಿದೆ. ಹಸು ಮೂರು ಸಲ ಸರಿಯಾದ ಬೆದೆಯಲ್ಲಿ ಗರ್ಭಧಾರಣೆ ಮಾಡಿಸಿದರೂ ಗಬ್ಬವಾಗಲಿಲ್ಲವೆಂಬುದು ಮೊದಲು ಗೊತ್ತಾಗುವುದು ಅಲ್ಲಿನ ವೈದ್ಯನಿಗೆ, ಪಶುವೈದ್ಯ ಪರೀಕ್ಷಕನಿಗೆ, ಹಾಲು ಉತ್ಪಾದಕರ ಸಹಕಾರ ಸಂಘದ ಗರ್ಭಧಾರಣಾ ಕಾರ್ಯಕರ್ತನಿಗೆ. ಇವರು ತಜ್ಞನನ್ನು ಪ್ರತಿಸ್ಪರ್ಧಿಯೆಂದು ಎಣಿಸಿದರೆ ಒಂದು ರಾಸನ್ನೂ ಕಳುಹಿಸುವುದಿಲ್ಲ. ಅವರಲ್ಲಿ ಅಂಥ ಭಾವನೆ ಹುಟ್ಟದಂತೆ ನಡೆದುಕೊಳ್ಳುವುದು ತಜ್ಞನ ಹೊಣೆ.

ಇದಕ್ಕೆ ಮೂರು ನಿಯಮಗಳನ್ನು ಪಾಲಿಸಬೇಕು. (ಅ) ಕಳುಹಿಸಲ್ಪಟ್ಟ ರಾಸಿನ ಆ ಒಂದು ತೊಂದರೆಯನ್ನು ಮಾತ್ರ ನೋಡಿ, ಉಳಿದ ಚಿಕಿತ್ಸೆಗೆ ಊರಿನ ವೈದ್ಯನಲ್ಲಿಗೇ ಹಿಂದಿರುಗಿಸಬೇಕು. ಜಂತುನಾಶಕ ಔಷಧ ಕೊಡುವುದು, ಲಸಿಕೆ ಹಾಕುವುದು ಮುಂತಾದ ಸಾಧಾರಣ ಕೆಲಸಗಳಿಗೆ ತಜ್ಞನು ಕೈಹಾಕಬಾರದು. (ಆ) ಹಿಂದಿನ ಚಿಕಿತ್ಸೆಯು ತಪ್ಪೆಂದು ರೈತನ ಮುಂದೆ ಆಡಬಾರದು. ಅಭಿಪ್ರಾಯಭೇದವಿದ್ದರೆ ಆ ವೈದ್ಯನಿಗೇ ತಿಳಿಸಬೇಕು. (ಇ) ರಾಸನ್ನು ಕಳುಹಿಸಿದವರಿಗೆ ಹಣವನ್ನಾಗಲಿ ಉಡುಗೊರೆಯನ್ನಾಗಲಿ ಕೊಡಬಾರದು. ಕೊಟ್ಟ ಹಣವು ಕೊನೆಗೆ ರೈತನ ಶುಲ್ಕದಲ್ಲಿಯೇ ಸೇರುತ್ತದೆ. ಅದಕ್ಕಿಂತ ಮಿಗಿಲಾಗಿ, ಅಗತ್ಯವಿಲ್ಲದ ರಾಸುಗಳೂ ಬರತೊಡಗುತ್ತವೆ.

ಉಡುಗೊರೆಗೆ ಬದಲಾಗಿ ಕಳುಹಿಸಬೇಕಾದುದು ಉತ್ತರಪತ್ರ. ಅದರ ಒಂದು ಮಾದರಿಯನ್ನು ಕೆಳಗೆ ಕೊಟ್ಟಿದೆ.

“ಮಾನ್ಯರೆ, ತಾವು ಕಳುಹಿಸಿದ ಹಸುವನ್ನು (ಕಿವಿಯೋಲೆ ಸಂಖ್ಯೆ ........) ದಿನಾಂಕ ........ರಂದು ಪರೀಕ್ಷಿಸಲಾಯಿತು. ಗಬ್ಬವಾಗಿರುವುದಿಲ್ಲ. ಗರ್ಭಕೋಶದಲ್ಲಿ ಸೋಂಕು ಕಂಡುಬಂದಿದೆ. ಕೊಟ್ಟ ಔಷಧ ........; ಹಾಲನ್ನು ಬಳಸಬಾರದ ದಿನಗಳು ........ ಮುಂದಿನ ಬೆದೆಯಲ್ಲಿ ಗರ್ಭಧಾರಣೆ ಮಾಡಿಸದೆ, ಲೋಳೆಯು ತಿಳಿಯಾಗಿದೆಯೇ ಎಂಬುದನ್ನು ಮಾತ್ರ ನೋಡಬೇಕಾಗಿ ಕೋರಿಕೆ. ತಿಳಿಯಾಗಿದ್ದರೆ ಅದರ ಮುಂದಿನ ಬೆದೆಯಲ್ಲಿ ತಾವೇ ಗರ್ಭಧಾರಣೆ ಮಾಡಬಹುದು. ಫಲಿತಾಂಶವನ್ನು ದಯವಿಟ್ಟು ತಿಳಿಸುವುದು.”

ಈ ಪತ್ರವನ್ನು ಬರೆಯುವುದಕ್ಕೆ ಐದು ನಿಮಿಷ ಸಾಕು, ಮೊಬೈಲಿನಲ್ಲಿಯೂ ಕಳುಹಿಸಬಹುದು. ಆದರೆ ಹೀಗೆ ಬರೆಯಲ್ಪಟ್ಟ ಪತ್ರವನ್ನು ಕಂಡ ವೈದ್ಯನು ತನ್ನ ಮುಂದಿನ ಕಠಿಣವಾದ ರಾಸನ್ನು ಬೇರೆಲ್ಲಿಗೂ ಕಳುಹಿಸಲಾರನು. ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ೧೯೬೨ ಎಂಬ ದೂರವಾಣಿ ಸಂಖ್ಯೆಯಿಂದ ಕರೆಯಿಸಿಕೊಳ್ಳುವ ಏರ್ಪಾಡೂ ಇರುವುದರಿಂದ, ಆ ವಾಹನದಲ್ಲಿ ಬರುವ ವೈದ್ಯರೊಡನೆಯೂ ತಜ್ಞನು ಇದೇ ಸಂಬಂಧವನ್ನಿಟ್ಟುಕೊಳ್ಳುವುದು ಲೇಸು.

೫. ಸ್ಥಳ, ದಿನ ಮತ್ತು ಶುಲ್ಕ

ದನ ಬರಲಾರದಿದ್ದರೆ ವೈದ್ಯನು ಹೋಗಬೇಕು. ಆದರೆ ಕರೆದಲ್ಲಿಗೆಲ್ಲ ಕರೆದಾಗಲೆಲ್ಲ ಓಡುವ ತಜ್ಞನ ದಿನವೆಲ್ಲ ದಾರಿಯಲ್ಲಿ ಕಳೆದು, ಪ್ರಯಾಣದ ವೆಚ್ಚವು ರೈತನ ಮೇಲೆ ಬೀಳುತ್ತದೆ. ಇದಕ್ಕೆ ಪರಿಹಾರವೇನೆಂದರೆ, ಹೋಬಳಿಗೊಂದು ವಾರವನ್ನು ಗೊತ್ತುಮಾಡಿ, ಅದನ್ನು ಆ ಕಡೆಯ ಸಂತೆಯ ದಿನಕ್ಕೆ ಹೊಂದಿಸಿಕೊಳ್ಳುವುದು. ಸಂತೆಯ ದಿನವನ್ನು ಜನರು ಮರೆಯುವುದಿಲ್ಲವಾದುದರಿಂದ ವೈದ್ಯನ ದಿನವನ್ನೂ ಮರೆಯುವುದಿಲ್ಲ. ಮಳೆಯಿರಲಿ, ಒಂದೇ ರಾಸಿರಲಿ, ಗೊತ್ತಾದ ದಿನ ತಪ್ಪಕೂಡದು. ಎರಡು ಸಲ ತಪ್ಪಿದ ವೈದ್ಯನಿಗಾಗಿ ಮೂರನೆಯ ಸಲ ಯಾರೂ ದನವನ್ನು ಕಟ್ಟಿ ಕಾಯುವುದಿಲ್ಲ.

ಶುಲ್ಕವನ್ನು ಪರೀಕ್ಷೆಗೆ ಇಷ್ಟು, ಚಿಕಿತ್ಸೆಗೆ ಇಷ್ಟು, ಔಷಧಕ್ಕೆ ಇಷ್ಟು ಎಂದು ವಿಂಗಡಿಸಿ, ಕೆಲಸಕ್ಕೆ ಮೊದಲೇ ಹೇಳಬೇಕು. ‘ಗಬ್ಬ ನಿಂತರೆ ಮಾತ್ರ ಹಣ’ ಎಂಬ ಕರಾರು ಉದಾರವಾಗಿ ತೋರಿದರೂ ಹಾನಿಕರವಾದುದು. ಆರೋಗ್ಯವಾದ ಹಸುವಿನಲ್ಲಿಯೂ ಸರಿಯಾದ ವೇಳೆಯಲ್ಲಿ ಮಾಡಿದ ಒಂದು ಗರ್ಭಧಾರಣೆಯು ಫಲಿಸಿಯೇ ತೀರುವುದೆಂಬ ನಿಶ್ಚಯವಿಲ್ಲ. ನಿಶ್ಚಯವಿಲ್ಲದುದನ್ನು ಕರಾರು ಮಾಡಿಕೊಂಡವನು ಸುಲಭವಾದ ರಾಸುಗಳನ್ನು ಮಾತ್ರ ಆರಿಸಿಕೊಂಡು ಕಠಿಣವಾದುವನ್ನು ಬಿಟ್ಟುಬಿಡುವನು. ಅಥವಾ ಫಲಿಸಿದ ರಾಸಿನವನಿಂದ ಫಲಿಸದ ರಾಸಿನ ಖರ್ಚನ್ನೂ ವಸೂಲು ಮಾಡುವನು.

೬. ಶಿಬಿರವನ್ನು ನಡೆಸುವ ಕ್ರಮ

ಬರಡು ರಾಸುಗಳ ಚಿಕಿತ್ಸಾ ಶಿಬಿರಗಳನ್ನು ಇಲಾಖೆಯೂ ಹಾಲು ಒಕ್ಕೂಟಗಳೂ ನಡೆಸುವುದು ರೂಢಿಯಲ್ಲಿದೆ. ಗ್ರಾಮದ ಜನರು ವಿಶೇಷ ಚಿಕಿತ್ಸೆಯನ್ನು ಕಣ್ಣಾರೆ ಕಾಣುವ ಸಂದರ್ಭವು ಇದೇ. ಇದನ್ನು ಸರಿಯಾಗಿ ನಡೆಸಿದರೆ ಬೇರೆ ಪ್ರಚಾರ ಬೇಡ. ತಪ್ಪಾಗಿ ನಡೆಸಿದರೆ ಯಾವ ಪ್ರಚಾರವೂ ಫಲಕಾರಿಯಾಗದು.

ಮುಂಚಿನ ಸಿದ್ಧತೆ.—ಶಿಬಿರದ ದಿನವನ್ನು ಹತ್ತು ದಿನ ಮುಂಚೆ ಹಾಲಿನ ಡೇರಿಯಲ್ಲಿ, ಬೆಳಗ್ಗೆ ಹಾಲು ಹಾಕುವ ವೇಳೆಯಲ್ಲಿ, ಕಾರ್ಯದರ್ಶಿಯ ಮೂಲಕ ಹೇಳಿಸಬೇಕು. ಹಸು ಈದ ದಿನ, ಬೆದೆಗೆ ಬಂದ ದಿನಗಳು, ಗರ್ಭಧಾರಣೆ ಮಾಡಿಸಿದ ದಿನಗಳು ಇವನ್ನು ಒಂದು ಚೀಟಿಯಲ್ಲಿ ಬರೆದು ತರುವಂತೆ ತಿಳಿಸಬೇಕು. ದನವನ್ನು ಅಲುಗದಂತೆ ನಿಲ್ಲಿಸುವುದಕ್ಕೆ ಕಂಬಗಳ ಚೌಕಟ್ಟು, ನೆರಳು, ಕುಡಿಯುವ ನೀರು, ಕೈತೊಳೆಯುವುದಕ್ಕೆ ಬೇರೆ ನೀರು ಇರಬೇಕು. ಒಂದು ದಿನಕ್ಕೆ ಎಷ್ಟು ರಾಸುಗಳನ್ನು ನಿಧಾನವಾಗಿ ನೋಡಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಹೆಸರು ಬರೆದುಕೊಳ್ಳಬೇಕು.

ಪರೀಕ್ಷೆ.—ಯಾವ ಔಷಧವನ್ನೂ ಕೊಡುವ ಮೊದಲು ರಾಸು ಗಬ್ಬವಾಗಿದೆಯೇ ಎಂದು ನೋಡತಕ್ಕದ್ದು. ಗೊಡ್ಡೆಂದು ತಂದ ಹಸುವು ಅನೇಕವೇಳೆ ಗಬ್ಬವಾಗಿಯೇ ಇರುತ್ತದೆ. ಗಬ್ಬವಾದ ಕೆಲವು ಹಸುಗಳು ಬೆದೆಯ ಚಿಹ್ನೆಗಳನ್ನು ತೋರಿಸುವುದೂ ಉಂಟು. ಬೆದೆ ಬರಿಸುವ ಔಷಧಗಳಲ್ಲಿ ಕೆಲವು ಗಬ್ಬವನ್ನು ಇಳಿಸಿಬಿಡುತ್ತವೆ. ಅವಸರದಲ್ಲಿ ಚುಚ್ಚುಮದ್ದು ಕೊಟ್ಟು ರೈತನ ಮನೆಯ ಕರುವನ್ನು ಕಳೆದ ವೈದ್ಯನ ಹೆಸರು ಆ ಊರಿನಲ್ಲಿ ಮತ್ತೆ ಏಳುವುದಿಲ್ಲ. ಕೈಯಿಂದ ನೋಡಿ ಗಬ್ಬವನ್ನು ಸುಮಾರು ೬೦ ದಿನಗಳ ಮೇಲೆ ನಿರ್ಧರಿಸಬಹುದು. ಶ್ರವಣಾತೀತ ಧ್ವನಿಯ ಯಂತ್ರವಿದ್ದರೆ, ಅಂದರೆ ಅಲ್ಟ್ರಾಸೌಂಡ್ ಇದ್ದರೆ, ಸುಮಾರು ೩೦ ದಿನಗಳಿಗೇ ನೋಡಬಹುದು. ಗಬ್ಬವಾಗದ ರಾಸನ್ನು ಹೀಗೆ ಒಂದು ತಿಂಗಳು ಮುಂಚೆ ಗುರುತಿಸಿದರೆ ಒಂದು ಬೆದೆಯ ಖರ್ಚು ಉಳಿಯುತ್ತದೆ. ಯಂತ್ರದ ಪ್ರಯೋಜನವು ಇಷ್ಟೇ. ಅದನ್ನು ಅದ್ಭುತವೆಂಬಂತೆ ಪ್ರದರ್ಶಿಸುವುದರಿಂದ, ಅದು ರೋಗವನ್ನೂ ವಾಸಿಮಾಡುವುದೆಂಬ ತಪ್ಪು ಭಾವನೆ ಜನರಲ್ಲಿ ಹುಟ್ಟುತ್ತದೆ.

ಎರಡನೆಯ ಮತ್ತು ಮೂರನೆಯ ಭೇಟಿ.—ಶಿಬಿರಗಳಲ್ಲಿ ಕಾಣುವ ದೊಡ್ಡ ನ್ಯೂನತೆಯೇನೆಂದರೆ, ಅವು ಒಂದೇ ದಿನಕ್ಕೆ ಮುಗಿದುಹೋಗುವುದು. ಹಾರ, ಭಾಷಣ, ಚುಚ್ಚುಮದ್ದು, ಚಿತ್ರ ಇಷ್ಟರಲ್ಲಿ ಸಂಜೆಯಾಗುತ್ತದೆ. ರಾಸುಗಳ ಗತಿ ಏನಾಯಿತೆಂದು ಕೇಳುವವರಿರುವುದಿಲ್ಲ. ಗಬ್ಬ ನಿಲ್ಲದ ರಾಸಿನ ಚಿಕಿತ್ಸೆಯು ಒಂದು ದಿನದಲ್ಲಿ ಮುಗಿಯತಕ್ಕದ್ದಲ್ಲ. ಮೂರು ವಾರಗಳ ಮೇಲೆ ಬೆದೆಯನ್ನು ನೋಡಬೇಕು. ಗರ್ಭಧಾರಣೆಯಾದ ಎರಡು ತಿಂಗಳ ಮೇಲೆ ಗಬ್ಬವನ್ನು ನೋಡಬೇಕು. ಆದುದರಿಂದ ಮೊದಲನೆಯ ದಿನವೇ ಎರಡನೆಯ ಮತ್ತು ಮೂರನೆಯ ಭೇಟಿಯ ದಿನಾಂಕಗಳನ್ನು ಡೇರಿಯ ಗೋಡೆಯ ಮೇಲೆ ಬರೆಯಿಸಿ, ಆ ದಿನ ವೈದ್ಯನು ತಪ್ಪದೆ ಬರಬೇಕು. ಮೊದಲನೆಯ ದಿನ ಜನರು ಬರುವುದು ಕುತೂಹಲದಿಂದ. ಹೇಳಿದ ದಿನಕ್ಕೆ ವೈದ್ಯನೇ ತಿರುಗಿ ಬಂದು ‘ನಿಮ್ಮ ಹಸು ಏನಾಯಿತು’ ಎಂದು ಕೇಳಿದಾಗ ಅವರಲ್ಲಿ ನಂಬಿಕೆ ಹುಟ್ಟುತ್ತದೆ. ವಿಶೇಷ ವೃತ್ತಿಯ ಪ್ರಚಾರಕ್ಕೆ ಈ ಮರುಭೇಟಿಗಿಂತ ಬಲವಾದ ಸಾಧನವಿಲ್ಲ.

೭. ಲೆಕ್ಕದ ಪುಸ್ತಕ

ಪ್ರತಿಯೊಂದು ರಾಸಿಗೂ ಪುಸ್ತಕದಲ್ಲಿ ಒಂದು ಸಾಲಿರಬೇಕು. ರಾಸುಗಳಿಗೆ ಹಾಕುವ ೧೨ ಅಂಕಿಗಳ ಕಿವಿಯೋಲೆಯು ಗುರುತಿಗೆ ಅನುಕೂಲ. ಯಜಮಾನನ ಹೆಸರು, ಊರು, ತೊಂದರೆ, ಕಂಡುಬಂದ ಕಾರಣ, ಕೊಟ್ಟ ಚಿಕಿತ್ಸೆ, ಮರುಭೇಟಿಯ ದಿನಗಳು, ಕೊನೆಯ ಫಲ ಇವುಗಳಿಗೆ ಒಂದೊಂದು ಕಲಮು ಇರತಕ್ಕದ್ದು.

ಈ ಲೆಕ್ಕವನ್ನು ಜನರ ಮುಂದಿಡುವಾಗ ಎಚ್ಚರ ಬೇಕು. ಒಂದು ಗ್ರಾಮದ ಶಿಬಿರಕ್ಕೆ ೨೦ ರಾಸುಗಳು ಬಂದುವೆಂದು ಭಾವಿಸೋಣ. ಅವುಗಳಲ್ಲಿ ೩ ಮೊದಲೇ ಗಬ್ಬವಾಗಿದ್ದುವು. ೨ ಎಂದಿಗೂ ಗಬ್ಬವಾಗದಂಥವು. ಉಳಿದ ೧೫ ರಾಸುಗಳಿಗೆ ಚಿಕಿತ್ಸೆಯಾಯಿತು. ಮೂರನೆಯ ಭೇಟಿಯಲ್ಲಿ ೮ ಗಬ್ಬವಾಗಿದ್ದುವು, ೫ ಆಗಿರಲಿಲ್ಲ, ೨ ಅಷ್ಟರಲ್ಲಿ ಮಾರಾಟವಾಗಿದ್ದುವು. ಇಲ್ಲಿ ‘೨೦ಕ್ಕೆ ೧೧ ಗಬ್ಬ’ ಎಂದು ಸಾರುವವನು ಮೊದಲೇ ಗಬ್ಬವಾಗಿದ್ದ ಮೂರನ್ನು ತನ್ನ ಕೀರ್ತಿಗೆ ಸೇರಿಸಿಕೊಂಡನು. ‘೧೩ಕ್ಕೆ ೮’ ಎಂದು ಸಾರುವವನು ಮಾರಿಹೋದ ಎರಡನ್ನು ಮರೆಮಾಚಿದನು. ಸರಿಯಾದ ಮಾತು, ‘ಚಿಕಿತ್ಸೆಯಾದ ೧೫ರಲ್ಲಿ ೮ ಗಬ್ಬವೆಂದು ಖಚಿತವಾಗಿದೆ, ೫ ಆಗಿಲ್ಲ, ೨ರ ಫಲ ತಿಳಿಯದು’ ಎಂಬುದು. ಹಳ್ಳಿಯಲ್ಲಿ ಯಾರ ಹಸು ಏನಾಯಿತೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಉಬ್ಬಿಸಿದ ಲೆಕ್ಕವು ಅರಳಿಕಟ್ಟೆಯ ಮೇಲೆ ಒಂದು ಸಂಜೆಯೂ ನಿಲ್ಲುವುದಿಲ್ಲ. ಸರಿಯಾದ ಲೆಕ್ಕವನ್ನು ಹೇಳಿ, ಆಗದ ಐದು ರಾಸುಗಳಿಗೆ ಮುಂದೇನು ಮಾಡಬೇಕೆಂದು ಯಜಮಾನರಿಗೆ ತಿಳಿಸಿದರೆ, ಆ ಐವರೂ ವೈದ್ಯನನ್ನು ದೂರುವುದಿಲ್ಲ.

೮. ಆಗದುದನ್ನು ಆಗದೆಂದು ಹೇಳುವುದು

ಹೋರಿಕರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಪಾಲು ಹುಟ್ಟಾ ಬಂಜೆಗಳು. ಅಂಥ ಕಡಸಿಗೆ ಮೂರು ವರ್ಷ ಮೇವು ಹಾಕಿ, ಹತ್ತು ಸಲ ಗರ್ಭಧಾರಣೆ ಮಾಡಿಸಿ, ಕೊನೆಗೆ ತಜ್ಞನಲ್ಲಿಗೆ ತಂದ ರೈತನಿಗೆ ಮೊದಲನೆಯ ಪರೀಕ್ಷೆಯಲ್ಲಿಯೇ ನಿಜವನ್ನು ಹೇಳಬೇಕು. ‘ಒಂದು ಕೋರ್ಸು ಔಷಧ ಕೊಟ್ಟು ನೋಡೋಣ’ ಎಂದರೆ ಆ ದಿನ ಸ್ವಲ್ಪ ಹಣ ಬರಬಹುದು. ಆದರೆ ರೈತನು ಮತ್ತೊಂದು ವರ್ಷದ ಮೇವನ್ನು ಕಳೆದುಕೊಳ್ಳುವನು.

ಕಂದು ಹಾಕುವ ರೋಗವಾದ ಬ್ರುಸೆಲ್ಲಾ ವಿಷಯದಲ್ಲಿ ಈ ಕರ್ತವ್ಯವು ಇನ್ನೂ ಗುರುತರವಾದುದು. ಅದಕ್ಕೆ ದನಗಳಲ್ಲಿ ಚಿಕಿತ್ಸೆಯಿಲ್ಲ. ಹಸಿಹಾಲಿನಿಂದಲೂ, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಅದು ಮನುಷ್ಯರಿಗೆ ಹರಡುತ್ತದೆ. ಸಂದೇಹ ಬಂದೊಡನೆ ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಹಾಲನ್ನು ಕಾಯಿಸಿಯೇ ಕುಡಿಯಬೇಕೆಂದೂ, ಸತ್ತೆಯನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕೆಂದೂ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಬೇಕೆಂದೂ ತಿಳಿಸತಕ್ಕದ್ದು. ಹಾಗೆಯೇ, ಸೂಕ್ಷ್ಮಜೀವಿನಾಶಕ ಔಷಧ ಕೊಟ್ಟ ಹಸುವಿನ ಹಾಲನ್ನು ಇಷ್ಟು ದಿನ ಡೇರಿಗೆ ಹಾಕಬಾರದೆಂದು ಬರಹದಲ್ಲಿ ಕೊಡಬೇಕು. ಗಿರಾಕಿಗೆ ಬೇಸರವಾಗುವುದೆಂದು ಇದನ್ನು ಮುಚ್ಚಿಡುವವನು ಒಬ್ಬನ ಪ್ರೀತಿಗಾಗಿ ಊರಿನ ಹಾಲನ್ನೆಲ್ಲ ಕೆಡಿಸಿದಂತಾಗುತ್ತದೆ.

೯. ತಿಳಿವಳಿಕೆಯನ್ನು ಹರಡುವ ಸಾಧನಗಳು

ವೈದ್ಯನ ಹೆಸರನ್ನು ಸಾರುವುದಕ್ಕೆ ಮೇರೆಯುಂಟು. ಶಾಸ್ತ್ರದ ತಿಳಿವಳಿಕೆಯನ್ನು ಸಾರುವುದಕ್ಕೆ ಮೇರೆಯಿಲ್ಲ. ಆಕಾಶವಾಣಿಯ ಕೃಷಿರಂಗ ಕಾರ್ಯಕ್ರಮ, ಕೃಷಿಮೇಳಗಳು, ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗಳು, ಸಹಕಾರ ಸಂಘಗಳ ಸಭೆಗಳು ಇವೆಲ್ಲವೂ ಇದಕ್ಕೆ ತಕ್ಕ ಸ್ಥಳಗಳು. ಅಲ್ಲಿ ತಜ್ಞನು ತನ್ನ ಚಿಕಿತ್ಸಾಲಯವನ್ನು ಹೊಗಳಿಕೊಳ್ಳದೆ, ರೈತರು ಮನೆಯಲ್ಲಿ ತಾವೇ ಮಾಡಬಹುದಾದುದನ್ನು ಹೇಳಿಕೊಡಬೇಕು.

ಬಹುಮಟ್ಟಿಗೆ ಕೊಟ್ಟಿಗೆಯ ಕೆಲಸವು ಮನೆಯ ಹೆಂಗಸರ ಕೈಯಲ್ಲಿದೆ. ಹಸು ಮೇವು ಬಿಟ್ಟುದನ್ನೂ, ಕೂಗಿದುದನ್ನೂ, ಹಾಲು ಇಳಿದುದನ್ನೂ, ಗಾಜಿನಂಥ ಲೋಳೆ ಸುರಿದುದನ್ನೂ ಮುಂಜಾನೆ ಮೊದಲು ಕಾಣುವವರು ಅವರೇ. ಸಭೆಯನ್ನು ಅವರು ಬರಲಾಗದ ವೇಳೆಯಲ್ಲಿ ಕರೆದು ಗಂಡಸರಿಗೆ ಮಾತ್ರ ಬೋಧಿಸಿದರೆ ಪ್ರಯೋಜನವಿಲ್ಲ. ಹಾಲು ಹಾಕುವ ವೇಳೆಯಲ್ಲಿ ಡೇರಿಯ ಬಳಿ ಕಾಲು ಗಂಟೆ ಮಾತನಾಡಿದರೆ ಸಾಕು. ಬೆದೆಯನ್ನು ಬೆಳಗ್ಗೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಬೇಕು. ಎಮ್ಮೆಗಳಲ್ಲಿ ಮೂಕ ಬೆದೆಯು ಹೆಚ್ಚಾದುದರಿಂದ ದಿನಾಂಕವನ್ನು ಗುರುತುಹಾಕಿಕೊಂಡು ೨೧ನೆಯ ದಿನ ಎಚ್ಚರದಿಂದ ನೋಡಬೇಕು. ಈದ ೧೨ ಗಂಟೆಗಳೊಳಗೆ ಸತ್ತೆ ಬೀಳದಿದ್ದರೆ ಅದನ್ನು ಎಳೆಯದೆ, ಕಲ್ಲು ಕಟ್ಟದೆ ವೈದ್ಯನನ್ನು ಕರೆಯಬೇಕು. ಈ ಮೂರು ಮಾತುಗಳನ್ನು ಕಲಿತ ಮನೆಯಲ್ಲಿ ಬರಡುತನವು ಕಡಮೆಯಾಗುತ್ತದೆ.

ಹೀಗೆ ಕಲಿಸಿದರೆ ತಜ್ಞನಿಗೆ ರಾಸುಗಳು 
ಕಡಮೆಯಾಗುವುವಲ್ಲವೇ ಎಂದು ಕೆಲವರು ಕೇಳಬಹುದು. ಸುಲಭವಾದುವು ಕಡಮೆಯಾಗುವುದು ನಿಜ. ಆದರೆ ವೇಳೆ ಮೀರಿ, ಹತ್ತು ಕಡೆ ಔಷಧ ತಿಂದು, ಕೊನೆಯ ಸ್ಥಿತಿಯಲ್ಲಿ ಬರುತ್ತಿದ್ದ ಕಠಿಣ ರಾಸುಗಳು ಆಗ ಮೊದಲೇ ಬರುತ್ತವೆ. ಮೊದಲೇ ಬಂದುವು ವಾಸಿಯಾಗುತ್ತವೆ. ವಿಶೇಷ ವೃತ್ತಿಯು ಉಳಿಯುವುದು ಇಂಥ ರಾಸುಗಳಿಂದಲೇ.

ಸಾರಾಂಶ

೧. ಬೆದೆ ತಪ್ಪುವುದರಿಂದಾಗುವ ನಷ್ಟವನ್ನು ರೈತರ ಮುಂದೆ ಲೆಕ್ಕ ಹಾಕಿ ತೋರಿಸುವುದು.

೨. ಫಲಕ ಮತ್ತು ಪ್ರಕಟಣೆಗಳಲ್ಲಿ ಪರಿಷತ್ತಿನ ನಿಬಂಧನೆಗಳನ್ನು ಮೀರದಿರುವುದು.

೩. ಊರಿನ ವೈದ್ಯರು ಕಳುಹಿಸಿದ ರಾಸನ್ನು ಉತ್ತರಪತ್ರದೊಡನೆ ಅವರಲ್ಲಿಗೇ ಹಿಂದಿರುಗಿಸುವುದು. ಯಾರಿಗೂ ದಲ್ಲಾಳಿ ಹಣ ಕೊಡದಿರುವುದು.

೪. ಸಂತೆಯ ದಿನಕ್ಕೆ ಹೊಂದುವಂತೆ ಹೋಬಳಿಗೊಂದು ದಿನವನ್ನು ಗೊತ್ತುಮಾಡಿ, ಅದನ್ನು ತಪ್ಪದಿರುವುದು. ಶುಲ್ಕವನ್ನು ಮೊದಲೇ ಹೇಳುವುದು.

೫. ಯಾವ ಔಷಧಕ್ಕೂ ಮೊದಲು ಗಬ್ಬವನ್ನು ಪರೀಕ್ಷಿಸುವುದು.

೬. ಶಿಬಿರದ ಮೊದಲನೆಯ ದಿನವೇ ಮರುಭೇಟಿಯ ದಿನಗಳನ್ನು ಬರೆಯಿಸುವುದು. ಫಲಿಸಿದುದನ್ನೂ ಫಲಿಸದುದನ್ನೂ ಒಂದೇ ಲೆಕ್ಕದಲ್ಲಿ ಹೇಳುವುದು.

೭. ವಾಸಿಯಾಗದ ರಾಸಿನ ವಿಷಯದಲ್ಲಿ ಮೊದಲನೆಯ ದಿನವೇ ನಿಜವನ್ನು ತಿಳಿಸುವುದು.

ಸಹಕಾರ ಸಂಘಗಳ ಕಾರ್ಯದರ್ಶಿಗಳೂ ಗ್ರಾಮದ ಮುಖಂಡರೂ ತಮ್ಮ ಊರಿಗೆ ಬರುವ ತಜ್ಞರನ್ನು ಈ ಏಳು ಅಂಶಗಳಿಂದ ಅಳೆದು ನೋಡಬಹುದು. ಮುಖ್ಯವಾಗಿ, ‘ಮತ್ತೆ ಯಾವ ದಿನ ಬರುವಿರಿ’ ಎಂದು ಕೇಳಿ, ಆ ದಿನವನ್ನು ಡೇರಿಯ ಗೋಡೆಯ ಮೇಲೆ ಬರೆದುಕೊಳ್ಳುವುದನ್ನು ಮರೆಯಬಾರದು.